ಎಡಕ್ಕಷ್ಟೇ ತಿರುಗುತ್ತಿದ್ದ ಲಾರಿ

ನನ್ನ ಅಕ್ಕ ಕುಳಿತದ್ದನ್ನು ನೋಡಿದವರಿದ್ದಾರೆ. ಕುಳಿತೇ ಇದ್ದುದನ್ನು ನೋಡಿದವರಿಲ್ಲ. ಹಿಮ್ಮಡಿ ನೆಲಕ್ಕೆ ಊರುವ ಮೊದಲೇ ಅವಳ ಮುಂದಿನ ಹೆಜ್ಜೆ ಹೊರಟಿರುತ್ತದೆ, ಹಾಗಾಗಿ ಜೊತೆಗೆ ನಡೆಯುವವರು ಸದಾ ಅರ್ಧ ಹೆಜ್ಜೆ ಹಿಂದೆ. ಬೇಸಗೆಯಲ್ಲೂ ಕಳಚದ ಬೂದುಬಣ್ಣದ ಕೋಟು. ಸ್ಕ್ರೂಡ್ರೈವರಿನ ತುದಿ ಚುಚ್ಚಿ ಚುಚ್ಚಿ ಅದರ ಬಲಜೇಬು ತೂತಾಗಿದೆ. ವಸ್ತುಪ್ರದರ್ಶನಗಳಿಗೆ ಮಳಿಗೆ ಕಟ್ಟಿಕೊಡುವುದು ಅವಳ ಕಸುಬು: ಮೂರು ದಿನದಲ್ಲಿ ಕಟ್ಟಿ, ಐದು ದಿನ ನಿಲ್ಲಿಸಿ, ಅರ್ಧ ದಿನದಲ್ಲಿ ಕಳಚಿ, ಮುಂದಿನ ಊರಿಗೆ. ಮಾತಿಗೊಮ್ಮೆ "ಸರಿ, ಬಿಚ್ಚೋಣ" ಎನ್ನುವುದು ಕಸುಬಿನಿಂದ ಅಂಟಿದ ಚಾಳಿ ಎಂದು ಅವಳ ಕೆಲಸಗಾರರು ತಿಳಿದಿದ್ದಾರೆ. ನನಗೆ ಗೊತ್ತು, ಚಾಳಿ ಮೊದಲು, ಕಸುಬು ಆಮೇಲೆ. ಚಿಕ್ಕಂದಿನಲ್ಲೇ ಗೋಡೆ ಗಡಿಯಾರ, ಹೊಲಿಗೆಯಂತ್ರ, ನನ್ನ ಸೈಕಲ್ಲು, ಎಲ್ಲವೂ ಅವಳ ಕೈಯಲ್ಲಿ ಬಿಡಿಭಾಗಗಳಾಗಿ ನೆಲದ ಮೇಲೆ ಹರಡಿದ್ದವು. ಮತ್ತೆ ಜೋಡಿಸುವ ಹೊತ್ತಿಗೆ ಅವಳ ಮನಸ್ಸು ಬೇರೆಡೆ ಹೋಗಿರುತ್ತಿತ್ತು.

ಮನೆಯಲ್ಲಿ ಅವಳು ಪೂರ್ತಿಯಾಗಿ ಕಟ್ಟಿದ್ದು ಒಂದನ್ನೇ, ಹದಿನಾಲ್ಕರ ವಯಸ್ಸಿನಲ್ಲಿ. ಪಕ್ಕದ ಮನೆಯವರು ಊರು ಬಿಡುವಾಗ ಒಂದು ಡಬ್ಬಿ ಆಟದ ಇಟ್ಟಿಗೆಗಳನ್ನು ಕೊಟ್ಟುಹೋಗಿದ್ದರು, ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ಕಿನವು. ಅವುಗಳಿಂದ ಒಂದು ಲಾರಿಯಾಯಿತು. ಔಷಧಿ ಸೀಸೆಗಳ ಮುಚ್ಚಳಗಳೇ ಚಕ್ರ, ಅಮ್ಮನ ಹೆಣಿಗೆಕಡ್ಡಿಯ ತುಂಡುಗಳೇ ಅಚ್ಚು. ಹಿಂದೆ, ಮೇಲೆತ್ತಿ ಸುರಿಯುವ ತೊಟ್ಟಿ. ದೋಷ ಒಂದೇ, ಎಡಕ್ಕಷ್ಟೇ ತಿರುಗುತ್ತಿತ್ತು. ಸಂಜೆ ಬಿಚ್ಚಿ ಸರಿಮಾಡುವೆನೆಂದು ಸಾರಿ ಶಾಲೆಗೆ ಹೋದಳು. ಬರುವಷ್ಟರಲ್ಲಿ ಲಾರಿ ಇಲ್ಲ. ಅನುಮಾನ ತಮ್ಮನಾದ ನನ್ನ ಮೇಲೆ ಬಿತ್ತು. ನಾನು ಅತ್ತೆ, ಆಣೆಯಿಟ್ಟೆ; ಅವಳು ಒಂದು ತಿಂಗಳು ಮಾತು ಬಿಟ್ಟಳು. ಮಾತು ಮರಳಿತು, ಅನುಮಾನ ಇಪ್ಪತ್ತೇಳು ವರ್ಷ ಕದಲಲಿಲ್ಲ. ಏನಾದರೂ ಕಾಣದಾದರೆ ಅವಳ ಕಣ್ಣು ಮೊದಲು ಹೊರಳುತ್ತಿದ್ದುದು ನನ್ನತ್ತಲೇ.

ಕಳೆದ ತಿಂಗಳು, ಅಮ್ಮ ಮತ್ತು ನಾನಿರುವ ಮನೆಗೆ ಬಣ್ಣ ಬಳಿಸುತ್ತಿದ್ದೆವು. ಎಂದಿನಂತೆ ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಅಕ್ಕ ಬಂದಿಳಿದಳು. ಸುಮ್ಮನಿರಲಾರದೆ ಬೀರು ಸರಿಸಲು ಕೈಹಾಕಿದಳು. ಅದರ ಮೇಲಿದ್ದ ಹಳೆಯ ಕಂಬಳಿಗಳ ಅಡಿಯಲ್ಲಿ ಚಪ್ಪಲಿಯ ಪೆಟ್ಟಿಗೆ, ಅದರೊಳಗೆ ಬಟ್ಟೆ ಸುತ್ತಿದ ಲಾರಿ. ಅವಳ ಬೆರಳು ತಾನಾಗಿ ಮುಂಬದಿಯ ಇಟ್ಟಿಗೆಯನ್ನು ಕೀಳಲು ಹೋಯಿತು. ಅದು ಬರಲಿಲ್ಲ. ಸಂದುಸಂದಿನಲ್ಲೂ ಒಣಗಿದ ಗೋಂದು.

ಅವಳು ನನ್ನತ್ತ ತಿರುಗಿದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ, "ಅವನಲ್ಲ. ನಾನೇ ಅಂಟಿಸಿಟ್ಟಿದ್ದು" ಎಂದಳು.

"ಯಾಕಮ್ಮ?"

"ನೀನು ಕೈಯಿಟ್ಟಿದ್ದೆಲ್ಲ ಚೂರಾಗ್ತಿತ್ತು. ನೀನು ಮಾಡಿದ್ದು ಒಂದಾದ್ರೂ ಹಾಗೇ ಇರಲಿ ಅನ್ನಿಸ್ತು. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

ಇಷ್ಟು ವರ್ಷ ನನ್ನನ್ನು ಕಳ್ಳನಾಗಿರಲು ಬಿಟ್ಟ ಅಮ್ಮನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಅಕ್ಕನ ಅವಸ್ಥೆ ನೋಡುತ್ತ ಅದನ್ನು ಮರೆತೆ. ನೆಲಕ್ಕೆ ಹಾಸಿದ್ದ ಪತ್ರಿಕೆಗಳನ್ನು ಸರಸರ ತುಳಿಯುತ್ತ ಅವಳು ಲಾರಿ ಹಿಡಿದು ಕೋಣೆಯಿಂದ ಕೋಣೆಗೆ ಅಲೆದಳು, ಗಡಿಯಾರ ನೋಡಿದಳು, ಮತ್ತೆ ಅಲೆದಳು. ಕೊನೆಗೆ ನನ್ನ ಮುಖ ನೋಡದೆ, "ನೀನಲ್ಲ ಅಂತಾಯ್ತು" ಎಂದಳು. ಅವಳಿಂದ ಅದಕ್ಕಿಂತ ದೊಡ್ಡ ಕ್ಷಮಾಪಣೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಆಮೇಲೆ ಜೇಬಿನಿಂದ ಸ್ಕ್ರೂಡ್ರೈವರ್ ಹೊರಬಂತು.

ಅಮ್ಮನ ಮುಖ ಚಿಕ್ಕದಾಯಿತು. ಆದರೂ ಗೋಂದು ನೆನೆಸಲು ತಾನೇ ಹೋಗಿ ಒಂದು ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟಳು. "ಬಿಚ್ಚು. ಆದ್ರೆ ಜೋಡಿಸಿ ಮುಗಿಸೋ ತನಕ ಹೋಗ್ಬೇಡ."

ಅಕ್ಕ ಫೋನಿನಲ್ಲಿ ತನ್ನ ಮೇಸ್ತ್ರಿಗೆ, ಈ ಸಲದ ಮಳಿಗೆಯನ್ನು ನೀನೇ ನಿಲ್ಲಿಸು ಎಂದಳು. ಎರಡು ದಿನ, ಕೋಟು ಕಳಚಿ, ಚಕ್ಕಂಬಕ್ಕಳ ಹಾಕಿ ನೆಲದ ಮೇಲೆ ಕುಳಿತಳು; ಕುಳಿತಲ್ಲೇ ಮೊಣಕಾಲು ಅದುರುತ್ತಿತ್ತು. ಎದುರಿಗೆ ಅಮ್ಮ ಹೇರ್‌ಪಿನ್ನಿನಿಂದ ಗೋಂದು ಕೆರೆಯುತ್ತ, ಇದೇನು, ಅದ್ಯಾಕೆ ಎಂದು ಒಂದೊಂದೇ ಕೇಳಿದಳು. ಲಾರಿಯ ಮಾತು ಯಾವಾಗ ಅಕ್ಕನ ಬಾಡಿಗೆ ಕೋಣೆಗಳಿಗೆ, ಮುರಿದುಹೋದ ಮದುವೆಗೆ ಹೊರಳಿತೋ ತಿಳಿಯಲಿಲ್ಲ. ಆ ಮದುವೆಯ ಮಾತನ್ನು ಅವಳು ನಮ್ಮೆದುರು ಆಡಿದ್ದು ಅದೇ ಮೊದಲು. ಎರಡು ಇಟ್ಟಿಗೆ ಸೀಳಿಹೋದವು. ಮೂರನೆಯ ಬೆಳಿಗ್ಗೆ ಲಾರಿ ಬಲಕ್ಕೂ ತಿರುಗಿತು, ತೊಟ್ಟಿ ಮಾತ್ರ ಮೇಲೇಳದಾಯಿತು. ಮುಂದಿನ ತಿಂಗಳು ಬಂದು ನೋಡುತ್ತೇನೆಂದು ಅಕ್ಕ ಬಸ್ಸಿಗೆ ಓಡಿದಳು. ಅಮ್ಮ ಅದನ್ನು ಎತ್ತಿಡಲಿಲ್ಲ. ಊಟದ ಮೇಜಿನ ಮೇಲೇ ಬಿಟ್ಟಳು.

ಇಂಥವರನ್ನು ನಾವು ಒಂದೆಡೆ ನಿಲ್ಲದವರೆಂದು ದೂರುತ್ತೇವೆ, ಹಿಡಿದು ನಿಲ್ಲಿಸಲು ಹೆಣಗುತ್ತೇವೆ. ಅವರ ಪ್ರೀತಿಗೆ ಕೈಯಲ್ಲೊಂದು ಕೆಲಸ ಬೇಕು. ಮುಗಿದುಹೋದದ್ದರ ಮುಂದೆ ಅವರು ಮೂಕರು. ಅವರು ಮರಳಿ ಬರಬೇಕೆನ್ನುವವರು, ಮನೆಯಲ್ಲಿ ಏನಾದರೊಂದನ್ನು ಅರ್ಧಕ್ಕೇ ಬಿಟ್ಟಿರುವುದನ್ನು ಕಲಿಯಬೇಕು.