ಅಂಬುಜಮ್ಮನವರ ಮಾತ್ರೆ ಲೋಟ

ರಾಜಾಜಿನಗರದ ಅಂಬುಜಮ್ಮನವರಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಸಿಹಿ ಬಿಟ್ಟರು, ಅನ್ನ ಅರ್ಧ ಮಾಡಿದರು, ಸಂಜೆ ಪಾರ್ಕಿನಲ್ಲಿ ಐದು ಸುತ್ತು ಹಾಕಿದರು. ಇಷ್ಟೆಲ್ಲ ಮಾಡಿದ ಹೆಂಗಸು ಸೋತದ್ದು ಒಂದು ಮಾತ್ರೆಯ ಮುಂದೆ. ಮೂರು ತಿಂಗಳ ಹಿಂದೆ ಡಾಕ್ಟರು ಬದಲಾಯಿಸಿ ಕೊಟ್ಟ ಆ ಉದ್ದನೆಯ ಬಿಳಿ ಮಾತ್ರೆಯನ್ನು ನೋಡಿದರೇ ಅವರು ಮುಖ ತಿರುಗಿಸುತ್ತಿದ್ದರು.

ಮೊದಲ ದಿನವೇ ಅದು ಗಂಟಲಲ್ಲಿ ಸಿಕ್ಕಿಕೊಂಡು, ಕೆಮ್ಮಿ ಕೆಮ್ಮಿ ಜೀವ ಬಾಯಿಗೆ ಬಂದಿತ್ತು. ಅವತ್ತೇ ಅಂಬುಜಮ್ಮ ಒಂದು ಉಪಾಯ ಹುಡುಕಿದರು. ಏಲಕ್ಕಿ ಕುಟ್ಟುವ ಕುಟ್ಟಾಣಿಯಲ್ಲಿ ಮಾತ್ರೆ ಪುಡಿ ಮಾಡುವುದು, ಕಹಿ ತಿಳಿಯದಿರಲೆಂದು ಚೂರೇ ಚೂರು ಬೆಲ್ಲ ಸೇರಿಸಿ ನೆಕ್ಕುವುದು. ಸಕ್ಕರೆ ಕಾಯಿಲೆಯ ಮಾತ್ರೆಗೆ ಬೆಲ್ಲವೇ ಎಂದು ನಾವು ನಗಬಹುದು, ಅವರ ಪಾಡು ಅವರಿಗೇ ಗೊತ್ತು. ಪುಡಿ ನೆಕ್ಕಿದ ದಿನ ಹೊಟ್ಟೆ ತೊಳೆಸಿ ಭೇದಿಯಾಗುತ್ತಿತ್ತು. ಹಾಗಾಗಿ ದಿನ ಬಿಟ್ಟು ದಿನ ಮಾತ್ರೆಗೆ ರಜೆ ಕೊಟ್ಟರು. ಗಂಡ ಪದ್ಮನಾಭ ರಾಯರಿಗೆ ಹೇಳಲಿಲ್ಲ.

ರಕ್ತ ಪರೀಕ್ಷೆಯ ಚೀಟಿ ಸುಮ್ಮನಿರಲಿಲ್ಲ. ಸಕ್ಕರೆ ಇಳಿದಿಲ್ಲವೆಂದು ಡಾಕ್ಟರು ಕಣ್ಣಿನ ಆಪರೇಷನ್ನನ್ನು ಎರಡನೇ ಸಲ ಮುಂದೂಡಿದರು. ಮನೆಗೆ ಬಂದು ಅಂಬುಜಮ್ಮ ಹತ್ತಿ ಕೈಗೆತ್ತಿಕೊಂಡು ನೋಡಿದರು. ಪೊರೆ ಬಂದ ಕಣ್ಣಿಗೆ ಹತ್ತಿಯ ಎಳೆ ಕಾಣುತ್ತಿರಲಿಲ್ಲ. ಗೌರಿ ಹಬ್ಬಕ್ಕೆ ಇಡೀ ಬೀದಿಗೆ ಗೆಜ್ಜೆವಸ್ತ್ರ ಮಾಡಿಕೊಡುತ್ತಿದ್ದ ಕೈ ಹೋದ ವರ್ಷ ಸುಮ್ಮನೆ ಕೂತಿತ್ತು. ಈ ವರ್ಷವೂ ಹಾಗೇ ಆದರೆ ಗತಿಯೇನು ಎಂಬ ಸಂಕಟ ಅವರದು.

ಒಂದು ಭಾನುವಾರ ಮಧ್ಯಾಹ್ನ ಮಹಡಿ ಮನೆಯ ಬಾಡಿಗೆಯ ಉಮಾಶ್ರೀ ಕರಿಬೇವು ಕೇಳಿಕೊಂಡು ಬಂದಳು. ಬಾಗಲಕೋಟೆ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸು.

"ಏನ್ ಕುಟ್ಟಾಕತ್ತೀರಿ ಅಮ್ಮಾರ, ಏಲಕ್ಕಿ ಏನ್ರಿ?"

"ಏಲಕ್ಕಿ ಅಲ್ಲಮ್ಮ, ಸಕ್ಕರೆ ಮಾತ್ರೆ. ಇಡೀದು ಗಂಟಲಲ್ಲಿ ಇಳಿಯಲ್ಲ, ಅದಕ್ಕೇ ಕುಟ್ತೀನಿ."

ಉಮಾಶ್ರೀ ಮಾತ್ರೆಯ ಹಾಳೆ ತಿರುಗಿಸಿ ನೋಡಿದಳು. "ಇಲ್ಲಿ ಎಸ್‌ಆರ್ ಅಂತ ಬರದಾರ ನೋಡ್ರಿ. ಈ ಗುಳಿಗಿ ಹೊಟ್ಟ್ಯಾಗ ನಿಧಾನಕ್ಕ ಕರಗಬೇಕು. ಕುಟ್ಟಿದ್ರ ದಿನದ ಔಷಧ ಎಲ್ಲಾ ಒಮ್ಮೆಲೇ ಬೀಳ್ತೈತಿ, ಹೊಟ್ಟಿ ತೊಳಸ್ತೈತಿ."

"ನನಗೆ ಹೊಟ್ಟೆ ತೊಳೆಸೋದು ನಿನಗೆ ಹೇಗೆ ಗೊತ್ತಾಯ್ತೇ?"

ಅಲ್ಲೇ ಕೂತು ಓದುತ್ತಿದ್ದ ಪದ್ಮನಾಭ ರಾಯರು ಪೇಪರ್ ಕೆಳಗಿಳಿಸಿದರು. "ತೊಳೆಸುತ್ತಾ? ನನಗೆ ಹೇಳ್ಲೇ ಇಲ್ವಲ್ಲ."

"ಬೈತೀರ ಅಂತ ಹೇಳ್ಲಿಲ್ಲ. ದಿನ ಬಿಟ್ಟು ದಿನ ತಗೋತಿದೀನಿ" ಎಂದು ಅಂಬುಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೇಳಿದ ಮೇಲೆ ಮನಸ್ಸು ಹಗುರವೂ ಆಯಿತು.

"ಬೈಯಲ್ಲ ಕಣೇ" ಎಂದರು ರಾಯರು. "ಏನ್ ಮಾಡ್ಬೇಕು ಅಂತ ಉಮಾನೇ ಹೇಳ್ಲಿ."

"ಮೊದ್ಲ ಬರೇ ನೀರು ಕುಡದು ತೋರಿಸ್ರಿ" ಎಂದಳು ಉಮಾಶ್ರೀ.

ಅಂಬುಜಮ್ಮ ಎದ್ದು ನಿಂತು, ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಚೊಂಬು ಎತ್ತಿ ತುಟಿಗೆ ತಾಗದಂತೆ ಗಟಗಟ ನೀರು ಸುರಿದುಕೊಂಡರು. ಹುಟ್ಟಿದಾಗಿನಿಂದ ಅವರು ನೀರು ಕುಡಿದದ್ದೇ ಹಾಗೆ.

"ತಪ್ಪು ಇಲ್ಲೇ ಐತ್ರಿ" ಎಂದು ಉಮಾಶ್ರೀ ನಕ್ಕಳು. "ಕುತ್ತಿಗಿ ಹಿಂದಕ್ಕ ಚಾಚಿದ್ರ ನುಂಗಾಕ ಕಷ್ಟ. ನೆಟ್ಟಗ ಕುಂದರ್ರಿ. ಒಂದು ಗುಟುಕು ನೀರು ಕುಡದು ಬಾಯಿ ಹಸಿ ಮಾಡ್ಕೋರಿ. ಗುಳಿಗಿ ನಾಲಿಗಿ ಮ್ಯಾಲಿಟ್ಟು, ಲೋಟ ಕಚ್ಚಿ ನೀರು ತಗೊಂಡು, ಗದ್ದ ಸ್ವಲ್ಪ ಎದಿ ಕಡೆ ಬಗ್ಗಿಸಿ ನುಂಗ್ರಿ."

"ಲೋಟ ಕಚ್ಚಿಯಾ? ಎಂಜಲಾಗಲ್ವೇನೇ?"

ರಾಯರು ಎದ್ದು ಒಳಗೆ ಹೋದರು. ಮದುವೆಯಲ್ಲಿ ಬಂದ, 'ಅಂಬುಜಾ' ಎಂದು ಹೆಸರು ಕೊರೆದಿದ್ದ ಪುಟ್ಟ ಸ್ಟೀಲ್ ಲೋಟ ತಂದರು. "ಇದು ನಿನ್ನ ಮಾತ್ರೆ ಲೋಟ. ಬೇರೆ ಯಾರೂ ಮುಟ್ಟಲ್ಲ. ತೊಳೆದಿಡೋದು ನನ್ನ ಕೆಲಸ." ನಲವತ್ತು ವರ್ಷದಲ್ಲಿ ಒಂದು ಚಮಚ ತೊಳೆಯದ ಮನುಷ್ಯನ ಮಾತು ಕೇಳಿ ಅಂಬುಜಮ್ಮನವರಿಗೆ ನಗು ಬಂತು, ಆಮೇಲೆ ಇಲ್ಲವೆನ್ನಲು ಆಗಲಿಲ್ಲ.

ಕುಟ್ಟಿದ ಪುಡಿ ಚೆಲ್ಲಿ, ಊಟವಾದ ಮೇಲೆ ಉಮಾಶ್ರೀಯ ಎದುರಿಗೇ ಇಡೀ ಮಾತ್ರೆಯೊಂದನ್ನು ನಾಲಿಗೆಯ ಮೇಲಿಟ್ಟು, ಲೋಟ ಕಚ್ಚಿ ನೀರು ತೆಗೆದುಕೊಂಡರು. ಗದ್ದ ಬಗ್ಗಿಸಿ ನುಂಗಿದರು.

"ಹೋಯ್ತಾ?" ಎಂದರು ರಾಯರು.

ಅಂಬುಜಮ್ಮ ನಾಲಿಗೆಯಲ್ಲಿ ಬಾಯೆಲ್ಲ ಹುಡುಕಿದರು. "ಎಲ್ಲೂ ಇಲ್ಲ ರೀ."

"ಮುಂದ ಯಾವಾಗರ ಹೋಗದಿದ್ರ ಡಾಕ್ಟರ್‌ಗೆ ಹೇಳ್ರಿ, ಸಣ್ಣ ಗುಳಿಗಿನೋ ದ್ರವದ ಔಷಧನೋ ಕೊಡಬಹುದು" ಎಂದಳು ಉಮಾಶ್ರೀ. "ನಿಮ್ಮಷ್ಟಕ್ಕ ನೀವ ಗುಳಿಗಿ ಬಿಡಬ್ಯಾಡ್ರಿ."

ಮಾರನೆಯ ದಿನವೇ ದಂಪತಿ ಡಾಕ್ಟರ ಬಳಿ ಹೋಗಿ ಬೆಲ್ಲದ ಸಮೇತ ಎಲ್ಲವನ್ನೂ ಒಪ್ಪಿಕೊಂಡರು. ದಿನವೂ ತಪ್ಪದೆ ಮಾತ್ರೆ ನುಂಗಿದ್ದಕ್ಕೆ ಮೂರು ತಿಂಗಳಲ್ಲಿ ಸಕ್ಕರೆ ಇಳಿಯಿತು, ಆಪರೇಷನ್ ಆಗಿ ಕಣ್ಣಿನ ಪೊರೆಯೂ ಹೋಯಿತು. ಈ ಗೌರಿ ಹಬ್ಬದ ಮೊದಲ ಗೆಜ್ಜೆವಸ್ತ್ರ ಮಹಡಿ ಮನೆಗೆ ಹೋಯಿತು. ಲೋಟವನ್ನು ಈಗಲೂ ರಾಯರೇ ತೊಳೆಯುತ್ತಾರೆ.

ಓದುಗರೇ, ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳದೆ ಯಾವ ಮಾತ್ರೆಯನ್ನೂ ಕುಟ್ಟಬೇಡಿ, ಮುರಿಯಬೇಡಿ. ನುಂಗಲು ಆಗುತ್ತಿಲ್ಲವೆಂದು ಹೇಳಲು ನಾಚಿಕೆಯೂ ಬೇಡ. ಮತ್ತೆ ಇವತ್ತು ಮನೆಯ ಹಿರಿಯರು ಮಾತ್ರೆ ತೆಗೆದುಕೊಳ್ಳುವಾಗ ಪಕ್ಕದಲ್ಲಿ ಕೂತು, ಅದು ಗಂಟಲಲ್ಲಿ ಇಳಿಯಿತೇ ಎಂದು ಒಂದು ಮಾತು ಕೇಳಿ. ಅವರು ಹೇಳದೆ ಉಳಿಸಿಕೊಂಡದ್ದು ಆಗ ಹೊರಬಂದೀತು.