ಸುಯೆಜ್‌ಗೆ ಹೋಗಿಬಂದ ದೋಣಿ

ಯುದ್ಧದ ಮರುವರ್ಷ ಸುಯೆಜ್ ಊರನ್ನು ಖಾಲಿ ಮಾಡಿಸಿದಾಗ ನಾನೂ ನನ್ನ ಅತ್ತೆಯೂ ಲಾರಿ ಹತ್ತಿ ಅಲೆಕ್ಸಾಂಡ್ರಿಯಾಕ್ಕೆ ಬಂದೆವು. ನಮ್ಮನ್ನು ಒಂದು ಶಾಲೆಯಲ್ಲಿ ಇಳಿಸಿದರು. ಒಂದೊಂದು ಕೋಣೆಗೆ ನಾಲ್ಕಾರು ಸಂಸಾರ, ನಡುನಡುವೆ ಕಂಬಳಿಯ ಗೋಡೆ.

ನನ್ನ ಗಂಡ ಸುಬ್ಹಿ ಬಂದರಿನಲ್ಲಿ ಹಡಗು ಎಳೆಯುವ ಟಗ್ ದೋಣಿಯಲ್ಲಿ ಕೆಲಸಕ್ಕಿದ್ದ. ಗುಂಡು ಬಿದ್ದ ದಿನ ದೋಣಿಯೂ ಸಿಗಲಿಲ್ಲ, ಅವನೂ ಸಿಗಲಿಲ್ಲ. ನಾನು ಗೋಳಾಡಿ ಗೋಳಾಡಿ ಸುಸ್ತಾದೆ. ಅತ್ತೆಯ ಕಣ್ಣಿನಿಂದ ಮಾತ್ರ ಒಂದು ಹನಿ ಉದುರಲಿಲ್ಲ. ಒಳಗೇ ನಿಂತ ಆ ನೀರು ತಲೆಗೆ ಏರಿತೋ ಏನೋ, ಶಾಲೆಗೆ ಬಂದ ಮೇಲೆ ಅವರು ಕೋಣೆ ಕೋಣೆಗೂ ಹೋಗಿ ಮಲಗಿದವರ ಮುಸುಕು ಎತ್ತಿ ನೋಡತೊಡಗಿದರು. "ಸುಬ್ಹಿ ಇಲ್ಲಿದಾನಾ? ಬಾರೋ, ಮನೆಗೆ ಹೋಗೋಣ."

ಜನ ಎಷ್ಟು ದಿನ ಅಂತ ತಡೆದುಕೊಂಡಾರು? ಒಂದು ಬೆಳಿಗ್ಗೆ ಮೇಲ್ವಿಚಾರಕ ಬಂದು, "ನೋಡಮ್ಮ ದೌಲತ್, ನಿಮ್ಮತ್ತೇನ ಹುಚ್ಚಾಸ್ಪತ್ರೆಗೆ ಸೇರಿಸೋಣ. ನೀನಾದ್ರೂ ನೆಮ್ಮದಿಯಾಗಿರು" ಎಂದ. ನಾನು ಗಂಟು ಕಟ್ಟಿದೆ. ಅತ್ತೆಯ ಕೈ ಹಿಡಿದು ಹೊರಬಿದ್ದೆ. ಎಲ್ಲಿಗೆ ಅಂತ ನನಗೂ ಗೊತ್ತಿರಲಿಲ್ಲ. ಸಮುದ್ರದ ದಂಡೆ ಹಿಡಿದು ಪಡುವಣಕ್ಕೆ ನಡೆದೆವು.

ಅಲ್ ಮಕ್ಸ್‌ನ ಕಾಲುವೆ ಕಂಡ ಕೂಡಲೇ ಅತ್ತೆ ನಿಂತರು. ಎರಡೂ ದಡದಲ್ಲಿ ದೋಣಿಗಳು, ಮನೆಯ ಮೆಟ್ಟಿಲಿಗೇ ಕಟ್ಟಿದ ಹಗ್ಗಗಳು. ಕಾಲುವೆಯ ಮೇಲ್ಭಾಗದಲ್ಲಿ ಗೌರವಸ್ಥ ಬೆಸ್ತರ ಮನೆಗಳಿದ್ದವು. ಸೇತುವೆಯಿಂದಾಚೆ, ಒಡೆದ ದೋಣಿಗಳನ್ನು ಎಳೆದು ಬಿಸಾಡಿದ ಕಡೆ, ಯಾರಿಗೂ ಬೇಡವಾದ ಜನ ಆ ದೋಣಿಗಳಲ್ಲೇ ಬಿಡಾರ ಹೂಡಿದ್ದರು. ಚರ್ಮ ಹದಮಾಡುವ ಕಾರ್ಖಾನೆಯ ನಾತ ಮೂಗಿಗೆ ಬಡಿಯುತ್ತಿತ್ತು. ಅತ್ತೆ ಅಲ್ಲೇ ನೀರಿನ ಅಂಚಿಗೆ ಕುಕ್ಕರಿಸಿದರು.

"ಇಲ್ಲೇ ಕೂರ್ತೀನಿ. ಅವನು ದೋಣೀಲಿ ತಾನೇ ಬರೋದು?"

ಬೇಡಿದೆ, ಬೈದೆ. ಅವರು ಕದಲಲಿಲ್ಲ. ಆಗ ಒಬ್ಬ ಉದ್ದನೆಯ ಮನುಷ್ಯ ಎರಡು ಲೋಟ ಚಹಾ ಹಿಡಿದು ಬಂದ. ಅವನೇ ಝನಾತಿ. ಬಂದರಿನಲ್ಲಿ ಕದ್ದು ಜೈಲಿಗೆ ಹೋಗಿಬಂದವನು. ಈಗ ತಳ ಹೋದ ದೋಣಿಯೊಂದರಲ್ಲಿ ಚಹಾದಂಗಡಿ ಇಟ್ಟಿದ್ದ.

"ಯಾರಿಗೆ ಕಾಯ್ತಿದೀರಿ ತಾಯೀ?" ಎಂದು ಕೇಳಿದ.

"ಮಗನಿಗೆ."

"ಹಂಗಾದ್ರೆ ಬಿಸಿಲಲ್ಲಿ ಯಾಕೆ ಕೂರ್ತೀರಿ? ಈ ಕಡೆ ನೆರಳಿಗೆ ಬನ್ನಿ, ದೋಣಿ ಬಂದ್ರೆ ಇಲ್ಲಿಂದಾನೂ ಕಾಣುತ್ತೆ."

ನಾನು ಅವನ ಕಿವಿಯಲ್ಲಿ ನಿಜ ಹೇಳಿದೆ. ಅವನು ತಲೆಯಾಡಿಸಿದ, ಅಷ್ಟೇ. ಸಂಜೆಯ ಹೊತ್ತಿಗೆ ಪಕ್ಕದಲ್ಲಿದ್ದ ಬರಿದಾದ ದೋಣಿಯೊಂದನ್ನು ಗುಡಿಸಿ, ತಾಡಪಾಲು ಹೊದಿಸಿ ನಮಗೆ ಬಿಟ್ಟುಕೊಟ್ಟರು. ಯಾರು ನೀವು, ಯಾವ ಕುಲ, ಎಷ್ಟು ದಿನ ಇರುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ.

ಗುಡಿಸಿದವಳು ದೆಸ್ಪೀನಾ. ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕರೆಲ್ಲ ಊರು ಬಿಟ್ಟು ಹೋಗುವಾಗ ಅವಳೂ ಅಣ್ಣನ ಜೊತೆ ಹಡಗು ಹತ್ತಿದ್ದಳಂತೆ. ಹಡಗು ಹೊರಡುವ ಮೊದಲೇ ಯಾವುದೋ ಮಾತಿಗೆ ಇಬ್ಬರಿಗೂ ಜಗಳವಾಗಿ, ಪೆಟ್ಟಿಗೆ ಹೊತ್ತು ದಡದಡನೆ ಇಳಿದುಬಂದಿದ್ದಳು. "ನನ್ನ ನಾಲಗೇನೇ ನನಗೆ ವೈರಿ ಕಣೇ. ಇಲ್ಲಾಂದ್ರೆ ಇವತ್ತು ಅಥೆನ್ಸಲ್ಲಿ ಕಾಫಿ ಕುಡೀತಿದ್ದೆ" ಎಂದು ನಗುತ್ತ ಊರವರ ಬಟ್ಟೆ ಒಗೆಯುತ್ತಿದ್ದಳು. ನನಗೂ ಕೆಲಸ ಹಂಚಿದಳು.

ಇನ್ನೊಬ್ಬ ಶಹ್ಹಾತ್. ಒಂದು ಕಾಲಕ್ಕೆ ದೋಣಿಯ ಯಜಮಾನ. ಎಲ್ಲರೂ ಈಗಲೂ 'ರಯ್ಯಿಸ್' ಎಂದೇ ಕರೆಯುತ್ತಿದ್ದರು. ಚಳಿಗಾಲದ ಬಿರುಗಾಳಿಯಲ್ಲಿ ಅವನ ದೋಣಿ ಮಗುಚಿ, ಜೊತೆಗಿದ್ದವರೆಲ್ಲ ಮುಳುಗಿ, ಅವನೊಬ್ಬನೇ ಈಜಿ ದಡ ಸೇರಿದ್ದ. ದೋಣಿಯೂ ತೇಲಿಬಂತು. ಅಂದಿನಿಂದ ಅವನು ಅಪಶಕುನ. ಮೀನಿಗೆ ಹೊರಟವರಿಗೆ ಅವನು ಎದುರಾದರೆ ಉಗುಳಿ ಮನೆಗೆ ಮರಳುತ್ತಿದ್ದರು. ತನ್ನ ದೋಣಿಯನ್ನು ಕಟ್ಟಿಹಾಕಿ ಅವನು ಬೇರೆಯವರ ದೋಣಿಗೆ ಟಾರು ಬಳಿದು ಬದುಕುತ್ತಿದ್ದ. ಅವನ ಬಾಯಿಂದ ಮಾತು ಬರುವುದೇ ಅಪರೂಪ.

ಇಂಥವರ ನಡುವೆ ಅತ್ತೆ ದಿನವೂ ನೀರಿನ ಬಳಿ ಕೂತರು. ಹಾದುಹೋಗುವವರೆಲ್ಲ, "ಬಂದನಾ ಸುಬ್ಹಿ?" ಎಂದು ಕೇಳಿ, "ಇನ್ನೂ ಇಲ್ಲ" ಅಂದರೆ, "ಗಾಳಿ ಎದುರಿದೆ ತಾಯೀ, ತಡ ಆಗುತ್ತೆ" ಎನ್ನುತ್ತಿದ್ದರು. ಶಾಲೆಯಲ್ಲಿ ಹುಚ್ಚಿಯಾಗಿದ್ದವರು ಇಲ್ಲಿ ಬರೀ ಕಾಯುತ್ತಿರುವ ಮುದುಕಿಯಾದರು.

ಬೇಸಿಗೆ ಬರುವಷ್ಟರಲ್ಲಿ ಅವರು ಹೊಸ ಹಟ ಹಿಡಿದರು. "ಅವನು ಇಲ್ಲಿಗೆ ಬರಲ್ಲ. ಸುಯೆಜ್‌ನಲ್ಲಿ ಮನೆ ಬಾಗಿಲಲ್ಲಿ ಕೂತಿರ್ತಾನೆ. ನನ್ನ ಕರ್ಕೊಂಡು ಹೋಗಿ. ಅಲ್ಲೇ ಊಟ ಮಾಡ್ತೀನಿ." ಅನ್ನ ಮುಟ್ಟಲಿಲ್ಲ, ರೊಟ್ಟಿ ಮುಟ್ಟಲಿಲ್ಲ. ತುಟಿ ಒಣಗಿ ಬಿರಿಯಿತು. ನನಗೆ ದಿಕ್ಕೇ ತೋಚಲಿಲ್ಲ.

ದೆಸ್ಪೀನಾ ಒಗೆಯುತ್ತಿದ್ದ ಬಟ್ಟೆ ಬಿಟ್ಟು ಎದ್ದಳು. "ಸುಯೆಜ್‌ಗೆ ತಾನೇ? ಕಳಿಸಿಕೊಡೋಣ. ದೋಣೀಲಿ ಕೂರಿಸಿ ಸಮುದ್ರಕ್ಕೆ ಹೋಗಿ, ದೀಪಸ್ತಂಭ ಒಂದು ಸುತ್ತು ಹಾಕಿಸಿ, ಮತ್ತೆ ಇಲ್ಲಿಗೇ ಕರ್ಕೊಂಡು ಬನ್ನಿ. ಇದೇ ಸುಯೆಜ್ ಅಂತ ನಾವು ಎದುರುಗೊಳ್ತೀವಿ. ಊಟ ಮಾಡ್ತಾಳೆ."

"ಸುಳ್ಳು ಹೇಳೋದಾ ಅಕ್ಕ?"

"ಸತ್ಯ ತಿಂದು ಬದುಕ್ತಾಳಾ ಹೇಳು?"

ದೋಣಿ ಯಾರು ಕೊಡುತ್ತಾರೆ? ಮೇಲಿನ ಬೆಸ್ತರು ನಕ್ಕುಬಿಟ್ಟರು. ಉಳಿದದ್ದು ಶಹ್ಹಾತ್‌ನ ದೋಣಿ. ಕೇಳಿದ್ದಕ್ಕೆ ಅವನು ಟಾರಿನ ಡಬ್ಬಿ ಎತ್ತಿಕೊಂಡು ಎದ್ದುಹೋದ. ಆಗ ಅತ್ತೆಯೇ ದೋಣಿಗಳ ಅಂಚು ಹಿಡಿದು ಹಿಡಿದು ಅವನ ಹಿಂದೆ ಹೋದರು.

"ಏನಪ್ಪಾ ರಯ್ಯಿಸ್, ದೋಣಿ ಇದೆ, ತೋಳಲ್ಲಿ ಕಸುವಿದೆ. ಇನ್ನೇನು ಬೇಕು ನಿಂಗೆ?"

"ನನ್ನ ದೋಣಿ ಹತ್ತಿದೋರು ವಾಪಸ್ ಬರಲ್ಲ ತಾಯೀ."

"ವಾಪಸ್ ಬರೋಕೆ ಯಾರು ಹೋಗ್ತಿದಾರೆ? ನಾನು ಮನೆಗೆ ಹೋಗ್ತಿರೋದು ಕಣೋ!"

ಶಹ್ಹಾತ್ ಅವರ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಅವನು ನಗುವುದನ್ನು ನಾನು ಮೊದಲ ಸಲ ಕಂಡೆ. ಅಂದಿನಿಂದಲೇ ದೋಣಿಯ ಬಿರುಕಿಗೆ ನಾರು ತುರುಕತೊಡಗಿದ.

ಗಾಳಿ ಸಣ್ಣಗಿದ್ದ ಒಂದು ಬೆಳಿಗ್ಗೆ ಹೊರಟೆವು. ಅತ್ತೆ ಹಬ್ಬದ ಕಪ್ಪು ಮೇಲುವಸ್ತ್ರ ಹೊದ್ದು ಮುಂದೆ ಕೂತರು. ಶಹ್ಹಾತ್ ಹುಟ್ಟು ಹಾಕಿದ. ಕಾಲುವೆಯ ಬಾಯಲ್ಲಿ ಕಾವಲಿನ ಸಿಪಾಯಿ ಬಂದೂಕು ಅಡ್ಡ ಹಿಡಿದ.

"ಎಲ್ಲಿಗೆ?"

"ಸುಯೆಜ್‌ಗೆ" ಎಂದರು ಅತ್ತೆ.

"ಸುಯೆಜ್‌ಗಾ? ಅದು ದೇಶದ ಆ ಕಡೆ ಇದೆಯಲ್ಲ ಹಾಜ್ಜಾ ತಾಯೀ! ಈ ಗೂಡಲ್ಲಿ ಕೂತ್ಕೊಂಡು..." ಎನ್ನುವಷ್ಟರಲ್ಲಿ ಶಹ್ಹಾತ್ ಕಣ್ಣಲ್ಲೇ ಬೇಡಿಕೊಂಡ. ಸಿಪಾಯಿ ಅತ್ತೆಯ ಒಣಗಿದ ತುಟಿ ನೋಡಿದ, ನನ್ನನ್ನು ನೋಡಿದ. ಬಂದೂಕು ಇಳಿಸಿದ. "ಹೋಗಿಬನ್ನಿ. ನಮ್ಮಣ್ಣ ಅಲ್ಲೇ ಗಡೀಲಿದಾನೆ. ಕಂಡ್ರೆ ಸಲಾಮ್ ಹೇಳಿ. ಜಾಸ್ತಿ ದೂರ ಹೋಗ್ಬೇಡಿ ಮತ್ತೆ."

ದೀಪಸ್ತಂಭದ ಹತ್ತಿರ ನೀರು ಹಸಿರಾಗಿ ಆಳವಾಯಿತು. ಅತ್ತೆ ಕೈ ಚಾಚಿ ಅಲೆ ಮುಟ್ಟಿದರು. ಬೆರಳು ನಾಲಗೆಗೆ ಇಟ್ಟು ಉಪ್ಪಿನ ರುಚಿ ನೋಡಿದರು.

"ದೌಲತ್, ನನ್ನ ಮಗ ನೀರಲ್ಲಿ ತಾನೇ ಇರೋದು?"

ಸುಳ್ಳು ನಾಲಗೆಯ ತುದಿಯಲ್ಲೇ ಸಿದ್ಧವಿತ್ತು, ಆದರೆ ಹೊರಡಲಿಲ್ಲ. "ಹೌದು ಅತ್ತೆ" ಎಂದೆ.

ಅವರು ದೋಣಿಯ ಅಂಚಿಗೆ ಬಾಗಿ, ಬೀದಿಯಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಮಗನ ಹೆಸರು ಕೂಗಿದರು. ಮತ್ತೆ ಕೂಗಿದರು. ಮೂರನೆಯದು ಅರ್ಧಕ್ಕೇ ಒಡೆದು ಅಳುವಾಯಿತು. ಅಂಥ ಅಳು ನಾನು ಕೇಳಿದ್ದಿಲ್ಲ. ದೋಣಿಯೇ ನಡುಗಿತು. ನಾನು ಹಿಂದಿನಿಂದ ತಬ್ಬಿ ಹಿಡಿದೆ. ಶಹ್ಹಾತ್ ಹುಟ್ಟು ಕೈಬಿಟ್ಟು, ತನ್ನವರನ್ನು ನುಂಗಿದ ಅದೇ ಸಮುದ್ರ ನೋಡುತ್ತ ಒಬ್ಬೊಬ್ಬರದೇ ಹೆಸರು ಹೇಳಿ ತಾನೂ ಬಿಕ್ಕತೊಡಗಿದ. ನಾವು ಮೂವರೂ ಹಾಗೇ ತೇಲುತ್ತಿದ್ದೆವು.

ಕೊನೆಗೆ ಅತ್ತೆ ಮೇಲುವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡರು. ಶಹ್ಹಾತ್‌ನ ಬೆನ್ನು ಸವರಿದರು. "ಸಾಕು ಮಗನೇ. ದೋಣಿ ತಿರುಗಿಸು. ನನಗೆ ಹಸಿವಾಗ್ತಿದೆ."

"ಸುಯೆಜ್‌ಗಾ?" ಎಂದು ಅವನು ಮೆಲ್ಲಗೆ ಕೇಳಿದ.

"ಸುಯೆಜ್‌ನಲ್ಲಿ ಏನಿದೆ ಈಗ? ಕಲ್ಲು, ಹೊಗೆ. ಮನೆಗೆ ನಡಿ. ಆ ಗ್ರೀಕಿನೋಳು ಏನಾದ್ರೂ ಬೇಯಿಸಿರ್ತಾಳೆ."

ದಡದಲ್ಲಿದ್ದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನಾವು ಸೇತುವೆ ದಾಟಿದ್ದೇ ತಡ, ಹೆಂಗಸರು ನಾಲಗೆ ಹೊರಳಿಸಿ ಉಲುಲು ಅಂದರು. ಹುಡುಗಿಯರು ಖರ್ಜೂರದ ಗರಿ ಬೀಸಿದರು. ದೆಸ್ಪೀನಾ ಸುಯೆಜ್‌ನ ಹೆಂಗಸರ ಹಾಗೆ ಮುಸುಕು ಹಾಕಿಕೊಂಡಿದ್ದಳು. ಝನಾತಿ ಶಾಲೆಯಲ್ಲಿದ್ದ ನಮ್ಮೂರವರಿಂದ ಒಂದು ಸಿಮ್ಸಿಮಿಯ್ಯ ವಾದ್ಯ ತಂದು, ನುಡಿಸಲು ಬಾರದಿದ್ದರೂ ತಂತಿಗಳನ್ನು ಕೆರೆಯುತ್ತ, "ಸುಯೆಜ್‌ಗೆ ಸ್ವಾಗತ! ಸುಯೆಜ್‌ಗೆ ಸ್ವಾಗತ!" ಎಂದು ಕೂಗುತ್ತಿದ್ದ.

ಅತ್ತೆ ಇಳಿದು ಎಲ್ಲರನ್ನೂ ಒಮ್ಮೆ ನೋಡಿದರು. "ಇದೇನು, ಯಾರ ಮದುವೆ? ಲೇ ದೆಸ್ಪೀನಾ, ಮುಸುಕ್ಯಾಕೆ ಹಾಕಿದೀಯ, ಹಲ್ಲು ನೋವಾ? ಝನಾತೀ, ಆ ವಾದ್ಯ ಏನು ತಪ್ಪು ಮಾಡಿತ್ತೋ? ಬಿಡು ಅದನ್ನ!"

ದೆಸ್ಪೀನಾ ಬಾಯಿ ತೆರೆದುಕೊಂಡು ನಿಂತಳು. ನಾನು ಅವಳ ಕೊರಳಿಗೆ ಬಿದ್ದು ಅಳುತ್ತಲೇ ನಕ್ಕೆ. ಆಮೇಲೆ ಎಲ್ಲರೂ ನಕ್ಕರು. ಈರುಳ್ಳಿ ಕೆಂಪಗೆ ಹುರಿದು ಮಾಡಿದ ಮೀನನ್ನದ ಕೊಪ್ಪರಿಗೆಯ ಸುತ್ತ ನೆಲದ ಮೇಲೇ ಕೂತೆವು. ಅತ್ತೆ ಉಂಡರು. ಶಹ್ಹಾತ್‌ನ ಮುಂದಕ್ಕೂ ತುಂಡು ತುಂಡು ಮೀನು ತಳ್ಳುತ್ತ, "ತಿನ್ನೋ, ಹುಟ್ಟು ಹಾಕಿದೋನು ನೀನು" ಎಂದರು. ಅವನ ದೋಣಿ ಹತ್ತಿ ಸುಖವಾಗಿ ಮರಳಿದವರನ್ನು ಮೇಲಿನ ಬೆಸ್ತರು ಕಣ್ಣಾರೆ ಕಂಡಿದ್ದರು. ಆ ವಾರವೇ ಝನಾತಿ ಚಹಾದಂಗಡಿ ನನಗೆ ವಹಿಸಿ ಅವನ ಜೊತೆ ಮೀನಿಗೆ ಹೊರಟ. ಚಳಿಗಾಲದೊಳಗೆ ಇನ್ನೂ ಇಬ್ಬರು ಸೇರಿಕೊಂಡರು.

ಅತ್ತೆ ಆಮೇಲೆ ಕೆಲವು ವರ್ಷ ಬದುಕಿದರು. ಕೆಲವು ದಿನ ಮರೆವು ಬರುತ್ತಿತ್ತು, ಆದರೆ ಯಾರ ಮುಸುಕನ್ನೂ ಎತ್ತಲಿಲ್ಲ. ದೆಸ್ಪೀನಾಳ ಜೊತೆ ಬಟ್ಟೆ ಮಡಿಸುತ್ತ, ಅವಳೊಡನೆ ಜಗಳವಾಡುತ್ತ ಸಂತೋಷದಿಂದಲೇ ಇದ್ದರು. ಒಂದು ವಸಂತದ ಮಧ್ಯಾಹ್ನ ಊಟವಾಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದವರು ಏಳಲಿಲ್ಲ. ಇಡೀ ಕಾಲುವೆ ಅವರ ಹಿಂದೆ ನಡೆಯಿತು. ಮೇಲಿನ ಬೆಸ್ತರೂ ಹೆಗಲು ಕೊಟ್ಟರು.

ಶಾಂತಿಯಾದ ಮೇಲೆ ನಮ್ಮೂರವರೆಲ್ಲ ಹಿಂತಿರುಗಿದರು. ನಾನೂ ಹೋಗಿ ನೋಡಿದೆ. ನಮ್ಮ ಬೀದಿಯಲ್ಲಿ ಹೊಸ ಮನೆ ಎಬ್ಬಿಸುತ್ತಿದ್ದರು. ನೆಂಟರು ಕೈಹಿಡಿದು ಉಳಿಸಿಕೊಳ್ಳಲು ನೋಡಿದರು, ಪಾಪ, ಒಳ್ಳೆಯವರು. ಆದರೆ ಸಂಜೆಯಾಗುತ್ತಲೇ ಚರ್ಮದ ಕಾರ್ಖಾನೆಯ ಆ ನಾತಕ್ಕಾಗಿ ಜೀವ ಹಂಬಲಿಸತೊಡಗಿತು. ಮರುದಿನವೇ ರೈಲು ಹತ್ತಿದೆ.

ಈಗ ಅವರಾರೂ ಇಲ್ಲ. ಪ್ರತಿ ಶುಕ್ರವಾರ ಸ್ಮಶಾನಕ್ಕೆ ಹೋಗಿ ಅತ್ತೆಗೆ, ಝನಾತಿಗೆ, ರಯ್ಯಿಸ್‌ಗೆ ಫಾತಿಹಾ ಪ್ರಾರ್ಥನೆ ಓದುತ್ತೇನೆ. ಕ್ರೈಸ್ತಳಾದ ದೆಸ್ಪೀನಾಳಿಗೂ ಓದಬಹುದೇ ಎಂದು ಒಮ್ಮೆ ಮಸೀದಿಯ ಶೇಖ್‌ರನ್ನು ಕೇಳಿದ್ದೆ. ಅವರು ಗಡ್ಡ ನೀವಿಕೊಂಡು ತುಸು ಯೋಚಿಸಿ, "ಮೆಲ್ಲಗೆ ಓದಿಕೋ ಮಗಳೇ" ಎಂದಿದ್ದರು.

ನಾನು ಗಟ್ಟಿಯಾಗಿಯೇ ಓದುತ್ತೇನೆ.