ಮನೆಗೆಲ್ಲ ಒಂದೇ ಬಾಟಲಿ

ಆ ಮನೆಯಲ್ಲಿ ಯಾರ ಕಣ್ಣು ಕೆಂಪಾದರೂ ಮದ್ದು ಒಂದೇ: ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಡಬ್ಬಿಯ ಹಿಂದೆ ಇರುತ್ತಿದ್ದ ಪುಟ್ಟ ಬಾಟಲಿ. ಮಾವನವರ ಕಣ್ಣಿನ ಆಪರೇಷನ್ ಆದಾಗ ಡಾಕ್ಟರು ಬರೆದುಕೊಟ್ಟ ಡ್ರಾಪ್ಸು ಅದು. ಮಾವ ತೀರಿಕೊಂಡರು, ಬಾಟಲಿ ಉಳಿಯಿತು. ಮುಗಿದರೆ ಅತ್ತೆ ಅದೇ ಹೆಸರು ಹೇಳಿ ಅಂಗಡಿಯಿಂದ ಇನ್ನೊಂದು ತರಿಸುತ್ತಿದ್ದರು. ಮಗನಿಗೆ, ಮೊಮ್ಮಗಳಿಗೆ, ಪಕ್ಕದ ಮನೆಯವರಿಗೂ ಅದನ್ನೇ ಹಾಕುತ್ತಿದ್ದರು. ಇಂಥ ಬಾಟಲಿ ಇನ್ನೆಷ್ಟು ಮನೆಗಳ ಗೂಡಿನಲ್ಲಿದೆಯೋ.

ಸೊಸೆ ಕಸೂತಿ ಕೆಲಸದವಳು. ಒಮ್ಮೆ ಜೇಡರ ಬಲೆ ತೆಗೆಯುವಾಗ ಪೊರಕೆ ಕಡ್ಡಿ ಅವಳ ಬಲಗಣ್ಣಿಗೆ ತಾಗಿತು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆತ್ತ ತಾಯಿಗಿಂತ ಅಕ್ಕರೆಯಿಂದ ಆ ಡ್ರಾಪ್ಸು ಹಾಕಿದರು. ಕೆಂಪು ಇಳಿಯಿತು. ಎಲ್ಲರೂ ನಿಶ್ಚಿಂತರಾದರು. ಆಮೇಲೆ ನೋವು ಶುರುವಾಯಿತು, ಬೆಳಕು ಚುಚ್ಚತೊಡಗಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣಿಗೆ ಹೂ ಬಿದ್ದು ನೋಟ ಮಂಜಾಗಿತ್ತು. ಆ ಮದ್ದು ಕೆಂಪನ್ನು ಅಡಗಿಸಿ, ಒಳಗಿನ ಹುಣ್ಣನ್ನು ಬೆಳೆಯಲು ಬಿಟ್ಟಿದೆ ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಎಲ್ಲ ಹಣೆಬರಹ ಎಂದು ಅತ್ತೆ ನಿಟ್ಟುಸಿರುಬಿಟ್ಟರು. ಸೊಸೆ ಸೂಜಿಗೆ ದಾರ ಪೋಣಿಸಲು ಹೋದರೆ ತಪ್ಪುತ್ತಿತ್ತು. ಸಣ್ಣ ಹೊಲಿಗೆಯ ಕೆಲಸ ಕೈಬಿಟ್ಟು ಅವಳು ಗುಂಡಿ ಹಚ್ಚುವುದಕ್ಕೆ ಇಳಿದಳು. ಕೆಲಸದ ನಡುವೆ ಕಿಟಕಿಗೆ ಮುಖ ಮಾಡಿ, ಎಡಗಣ್ಣು ಮುಚ್ಚಿ, ಇವತ್ತಾದರೂ ಮಂಜು ತೆಳುವಾಗಿದೆಯೇ ಎಂದು ನೋಡುವಳು. ಅದಕ್ಕಿಂತ ದೊಡ್ಡ ಹಂಬಲವೊಂದಿತ್ತು. ನಿನ್ನ ಕಣ್ಣು ಹೋಯಿತಲ್ಲ ಎಂದು ಮನೆಯವರು ಯಾರಾದರೂ ಒಂದು ಸಲ ಬಾಯಿಬಿಟ್ಟು ಹೇಳಬೇಕು.

ಒಂದು ಬೆಳಿಗ್ಗೆ ಮಗಳು ಎದ್ದಾಗ ಕೀವಿನಿಂದ ಅವಳ ರೆಪ್ಪೆಗಳು ಅಂಟಿಕೊಂಡಿದ್ದವು. ಅತ್ತೆಯ ಕೈ ತಾನಾಗಿಯೇ ಗೂಡಿಗೆ ಹೋಯಿತು. ಸೊಸೆ ಅಡ್ಡ ನಿಂತಳು.

"ಅದು ಬೇಡ ಅತ್ತೆ."

"ಬೇಡ ಅಂದ್ರೆ? ಇದನ್ನೇ ಹಾಕಿ ನಿನ್ನ ಗಂಡನ ಕಣ್ಣು ಎಷ್ಟು ಸಲ ವಾಸಿ ಮಾಡಿದ್ದೀನಿ."

"ಇದನ್ನೇ ಹಾಕಿ ನನ್ನ ಕಣ್ಣು ಹೋಯ್ತು."

ಅವಳು ಬಾಟಲಿಯನ್ನು ಮೋರಿಗೆ ಸುರಿದು, ಮಗಳ ಕೈಹಿಡಿದು ಹೊರಟಳು.

ಡಾಕ್ಟರು ಪರೀಕ್ಷಿಸಿ, ಇದು ಬ್ಯಾಕ್ಟೀರಿಯಾದ ಸೋಂಕು ಎಂದು ಹಗಲಿಗೆ ಆಂಟಿಬಯೋಟಿಕ್ ಡ್ರಾಪ್ಸು, ಮಲಗುವಾಗ ಮುಲಾಮು ಬರೆದುಕೊಟ್ಟರು. ನೋವು ಬಂದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಕಾದರೆ ತಡಮಾಡದೆ ಬರಬೇಕೆಂದರು. ಅವಳು ಸೋಪು ಹಚ್ಚಿ ಕೈ ತೊಳೆದು, ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಒಂದೊಂದು ಕಣ್ಣಿಗೂ ಬೇರೆ ಬೇರೆ ಹತ್ತಿಯಿಂದ ಕೀವು ಒರೆಸುವಳು. ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ಎಲ್ಲೂ ತಾಗದಂತೆ ಒಂದು ಹನಿ ಬಿಡುವಳು. ಮಗಳ ಟವೆಲ್, ದಿಂಬು ಬೇರೆಯಾದವು. ಕಣ್ಣು ತಿಳಿಯಾದಾಗ ಗಂಡ ಇನ್ನು ಸಾಕಲ್ಲವೇ ಎಂದ. ಡಾಕ್ಟರು ಹೇಳಿದಷ್ಟು ದಿನ ಹಾಕಲೇಬೇಕು, ಉಳಿದದ್ದನ್ನು ಎತ್ತಿಡದೆ ಬಿಸಾಡಬೇಕು ಎಂದು ಅವಳು ಪಟ್ಟುಹಿಡಿದಳು.

ಒಂದು ರಾತ್ರಿ ಅವಳು ರೆಪ್ಪೆಯೊಳಗೆ ಮುಲಾಮಿನ ತೆಳು ಗೆರೆ ಎಳೆದು, ಸ್ವಲ್ಪ ಹೊತ್ತು ಮಂಜಾಗುತ್ತೆ, ಹೆದರಬೇಡ ಎಂದಳು. ಮಗಳು ಕಣ್ಣು ಪಿಳಿಪಿಳಿ ಮಾಡಿ ಅಮ್ಮನ ಮುಖ ಹುಡುಕಿದಳು.

"ಅಮ್ಮಾ, ನಿಂಗೆ ಆ ಕಣ್ಣಲ್ಲಿ ಯಾವಾಗ್ಲೂ ಹೀಗೇನಾ ಕಾಣೋದು?"

"ಇದಕ್ಕಿಂತ ಸ್ವಲ್ಪ ಜಾಸ್ತಿ ಮಂಜು ಕಣೇ. ನೀನು ಇರೋದು ಗೊತ್ತಾಗುತ್ತೆ, ನಗ್ತಿದ್ದೀಯೋ ಇಲ್ವೋ ಗೊತ್ತಾಗಲ್ಲ."

ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದ ಅತ್ತೆಯ ಕೈ ನಿಂತಿತು.

ಅಷ್ಟರಲ್ಲಿ ಸೋಂಕು ಅತ್ತೆಗೂ ಅಂಟಿತು. ಮೊಮ್ಮಗಳ ಡ್ರಾಪ್ಸು ಕೇಳುತ್ತಾರೆಂದು ಸೊಸೆ ಕಾದಳು. ಅವರು ಕೇಳಲಿಲ್ಲ. ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿ, ಹೋಗೋಣ ನಡಿ ಎಂದರು.

ಡಾಕ್ಟರು ಟಾರ್ಚು ಎತ್ತಿಕೊಂಡಾಗ ಅತ್ತೆ ಕುರ್ಚಿಯಿಂದ ಎದ್ದು, ಸೊಸೆಯನ್ನು ಭುಜ ಹಿಡಿದು ಅದರಲ್ಲಿ ಕೂರಿಸಿದರು.

"ನನ್ನದು ಆಮೇಲೆ ನೋಡಿ. ಮೊದಲು ಇವಳ ಬಲಗಣ್ಣು ನೋಡಿ. ಅದು ನನ್ನ ಕೈಯಿಂದ ಹೋದದ್ದು. ಏನಾದ್ರೂ ಮಾಡೋಕಾಗುತ್ತಾ?"